ನಮ್ಮ ಬಾಡಿಗಿ, ಅವರ ಬಿಲ್ಡಿಂಗು

ನೌಕರಿ ಹಿಡಿದ ನಮ್ಮ ಅಣ್ಣಂದಿರು ಈಚೆಗೆ ಒಂದು ಮಾತು ಎತ್ತಿದ್ದಾರೆ. ಬೆಟಗೇರಿ ಕಡೆಗೆ ಹಳೆಯ ಚಾಳೊಂದು ಮಾರಾಟಕ್ಕಿದೆ, ಬ್ಯಾಂಕಿನ ಸಾಲ ತೆಗೆದು ಕೊಳ್ಳೋಣ, ಹಳ್ಳಿಯಿಂದ ಓದಲಿಕ್ಕೆ ಬರುವ ನಮ್ಮ ಹುಡುಗರಿಗೆ ಖೋಲಿ ಕೊಡೋಣ, ಮುಂದೆ ಲಕ್ಷ್ಮೇಶ್ವರದಾಗೊಂದು, ಶಿರಹಟ್ಟಿಯಾಗೊಂದು, ಮುಂಡರಗಿಯಾಗೊಂದು ಹಿಡಿದರೆ ನಾಲ್ಕೂರಾಗ ನಮ್ಮವೇ ಬಾಡಿಗೆ ಮನೆಗಳಾಗುತ್ತವೆ ಎಂಬುದು ಮಾತು. ಕೇಳಿದ ಕೂಡಲೇ ಕೆಲವರು ಚಪ್ಪಾಳೆ ಹೊಡೆದರು. ಇನ್ನು ಕೆಲವರು "ಸಂಘಟನೆ ಅಂದ್ರ ಸಾವಕಾರಕಿ ಮಾಡೂದೇನ್ರೋ?" ಎಂದು ಎದ್ದು ಹೋದರು. ನಾವು ಚಪ್ಪಾಳೆ ಹೊಡೆಯಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಕುಂತು ಲೆಕ್ಕ ಹಾಕಿದೆವು. ಕವಿತೆ ಬರೆಯುವ ಮಂದಿಗೆ ಬಡ್ಡಿ ಲೆಕ್ಕ ಯಾಕ ಎಂದು ನಗುವವರಿಗೆ ಒಂದೇ ಉತ್ತರ: ನಮ್ಮ ಅಜ್ಜಂದಿರಿಗೆ ಬಡ್ಡಿ ಲೆಕ್ಕ ಬಂದಿದ್ದರೆ ಅರ್ಧ ಜೀತ ಅಂದೇ ಹರಿಯುತ್ತಿತ್ತು.

ಮೊದಲು ಖೋಲಿಯ ಮಾತು. ಹಾಸ್ಟೆಲಿನ ಸೀಟು ಸಿಕ್ಕವರಿಗೆ ಈ ಪಾಡು ಗೊತ್ತಿಲ್ಲ, ಸಿಗದವರನ್ನು ಕೇಳಿರಿ. ಗೋಡೆ ಮೇಲೆ "ಖೋಲಿ ಬಾಡಿಗೆಗೆ ಇದೆ" ಎಂಬ ಬೋರ್ಡು. ಯಾವೂರಪಾ? ಡಂಬಳ. ಏನ್ ಓದ್ತಿ? ಬಿ.ಎ. ಇಲ್ಲಿತನಕ ಎಲ್ಲ ಸರಿ. ಆಮೇಲೆ ಬರುತ್ತದೆ ನೋಡಿರಿ ಆ ಪ್ರಶ್ನೆ: "ಯಾರ ಪೈಕಿ?" ಹೇಳಿದರೆ ಖೋಲಿ ನಿನ್ನೆಯೇ ಯಾರಿಗೋ ಕೊಟ್ಟಾಗಿರುತ್ತದೆ. ಹೇಳದಿದ್ದರೆ ಅಡ್ಡಹೆಸರು ಕೇಳುತ್ತಾರೆ. ಅದನ್ನೂ ಮುಚ್ಚಿಟ್ಟರೆ "ನೀವು ಏನ್ ಉಣ್ತೀರಿ?" ಎಂದು ಅಡಿಗೆಮನೆಗೆ ಬರುತ್ತಾರೆ. ಊರಾಗ ಕೇರಿ ದೂರ ಇತ್ತು, ಕಣ್ಣಿಗೆ ಕಾಣುತ್ತಿತ್ತು. ಪ್ಯಾಟಿಯಾಗ ಕೇರಿ ಮಾಲಕರ ಬಾಯಾಗ ಐತಿ.

ಕಾಯ್ದೆ ಇಲ್ಲವೆಂದಲ್ಲ. 1955ರ ಕಾಯ್ದೆ, ಈಗ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಎನ್ನುವುದು, ಅದರ 4ನೇ ಕಲಮು ತೆಗೆದು ಓದಿರಿ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಡ್ಡಿ ಮಾಡಿದರೆ ಅಪರಾಧ ಎಂದು ಅಲ್ಲಿದೆ. ಆದರೆ "ನಿನ್ನೆ ಕೊಟ್ಟೇವಪಾ" ಎಂದವನ ಮೇಲೆ ಸಾಕ್ಷಿ ಹೇಳುವವರಾರು? ಗೋಡೆಯೇ? ಇದು ಗದಗಿನ ರೋಗ ಮಾತ್ರವೂ ಅಲ್ಲ. ಸುಖದೇವ ಥೋರಾಟ್ ಮತ್ತು ಸಂಗಡಿಗರು ದಿಲ್ಲಿ ಸುತ್ತಲಿನ ಬಾಡಿಗೆ ಮನೆಗಳ ಬಗ್ಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಲಿತರಿಗೂ ಮುಸಲ್ಮಾನರಿಗೂ ಬಾಗಿಲು ಮುಚ್ಚುವುದು ಹೇಗೆಂದು ಬರೆದಿದ್ದಾರೆ. ರಾಜಧಾನಿಯಲ್ಲೇ ಹಾಗೆ.

ಬಾಬಾಸಾಹೇಬರಿಗೇ ತಪ್ಪಲಿಲ್ಲ. ಅಮೆರಿಕ, ಲಂಡನ್‌ಗಳಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಬಂದರೆ ಇರಲಿಕ್ಕೆ ಒಂದು ಖೋಲಿ ಇಲ್ಲ. ಪಾರ್ಸಿ ಧರ್ಮಶಾಲೆಯಲ್ಲಿ ಪಾರ್ಸಿ ಹೆಸರು ಹಚ್ಚಿಕೊಂಡು ಇದ್ದರು. ಹನ್ನೊಂದನೆಯ ದಿನ ಬಡಿಗೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಇದನ್ನು ಭಾಷಣಗಳಲ್ಲಿ ನೂರು ಸಲ ಕೇಳಿದ್ದೇವೆ. ಮುಂದಿನ ಕತೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಆಮೇಲೆ ಹೇಳುತ್ತೇವೆ, ಯಾಕೆಂದರೆ ನಮ್ಮ ಚಾಳಿನ ಪ್ರಶ್ನೆಗೆ ಅದೇ ಹತ್ತಿರದ್ದು.

ಈಗ ಬಿಲ್ಡಿಂಗು ಹೇಗೆ ಹುಟ್ಟುತ್ತದೆ ನೋಡೋಣ. ದುಡಿದು ಕೂಡಿಟ್ಟು ಕಟ್ಟುತ್ತಾರೆ ಎಂದು ನಾವು ತಿಳಿದಿದ್ದೇವಲ್ಲ, ಅದು ಮೊದಲನೆಯ ಕಟ್ಟಡಕ್ಕೆ ಇರಬಹುದು. ಎರಡನೆಯದನ್ನು ಮೊದಲನೆಯದು ಹಡೆಯುತ್ತದೆ. ಮಾಲಕ ತನ್ನ ಕಟ್ಟಡದ ಸಿಟಿ ಸರ್ವೆ ಉತಾರ ಹಿಡಿದು ಬ್ಯಾಂಕಿಗೆ ಹೋಗುತ್ತಾನೆ. ಉತಾರದಾಗ ಬೋಜಾ ಇಲ್ಲದಿದ್ದರೆ ಬ್ಯಾಂಕು ಅದನ್ನು ಒತ್ತಿ ಇಟ್ಟುಕೊಂಡು ಇನ್ನೊಂದಕ್ಕೆ ಸಾಲ ಕೊಡುತ್ತದೆ. ಎರಡನೆಯದರ ನೆಲಮಾಳಿಗೆಗೆ ಅಂಗಡಿಯವನು ಡಿಪಾಜಿಟ್ಟು ಕೊಡುತ್ತಾನೆ. ಮೇಲಿನ ಮನೆಯನ್ನು ಲೀಜಿಗೆ ಹಾಕುತ್ತಾನೆ. ಲೀಜು ಎಂದರೆ ಗೊತ್ತಲ್ಲ, ತಿಂಗಳ ಬಾಡಿಗೆ ಇಲ್ಲ, ಎರಡೋ ಮೂರೋ ವರ್ಷಕ್ಕೆ ಕೆಲವು ಲಕ್ಷ ಒಂದೇ ಗಂಟಿನಲ್ಲಿ ಕೊಡಬೇಕು, ಬಿಡುವಾಗ ವಾಪಸು. ಭೋಗ್ಯ ಎಂದೂ ಅನ್ನುತ್ತಾರೆ. ಕೊಟ್ಟವನು ಪುಕ್ಕಟೆ ಇದ್ದೇನೆಂದು ಹಿಗ್ಗುತ್ತಾನೆ. ನಿಜ ಹೇಳಬೇಕೆಂದರೆ ಅವನು ಮಾಲಕನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿದ್ದಾನೆ, ಆ ರೊಕ್ಕ ಮೂರನೆಯ ಪ್ಲಾಟಿಗೆ ಹೋಗಿದೆ. ಅವನು ಬಿಡುವ ದಿನ ಇನ್ನೊಬ್ಬ ಲೀಜುದಾರನ ಗಂಟು ಬಂದು ಇವನದನ್ನು ತೀರಿಸುತ್ತದೆ.

ಎಲ್ಲಕ್ಕಿಂತ ಗಟ್ಟಿ ಬಾಡಿಗೆದಾರ ಯಾರು? ಸರಕಾರ. ಸರಕಾರಿ ಕಚೇರಿಯೋ ಬ್ಯಾಂಕಿನ ಶಾಖೆಯೋ ಕಟ್ಟಡಕ್ಕೆ ಬಂದರೆ ಆ ಕರಾರು ಪತ್ರವೇ ಸೊತ್ತು. ಮುಂದೆ ಬರುವ ಬಾಡಿಗೆಯನ್ನು ಇಂದೇ ಸಾಲವಾಗಿ ಕೊಡುವ ಪದ್ಧತಿ ಬ್ಯಾಂಕುಗಳಲ್ಲಿದೆ. ಬಾಡಿಗೆ ನೇರ ಬ್ಯಾಂಕಿಗೆ ಜಮಾ ಆಗುತ್ತದೆ, ಕಂತು ಮುರಿದುಕೊಳ್ಳುತ್ತದೆ, ಮಾಲಕ ಕೈ ಕೂಡ ಒದ್ದೆ ಮಾಡಿಕೊಳ್ಳುವುದಿಲ್ಲ. ಇನ್ನು ಆದಾಯ ತೆರಿಗೆಯ ಉಪಕಾರ ನೋಡಿರಿ. ಬಾಡಿಗೆ ಆದಾಯದಲ್ಲಿ ನೂರಕ್ಕೆ 30 ಭಾಗವನ್ನು, ನೀನು ಸುಣ್ಣ ಹಚ್ಚಿದಿಯೋ ಇಲ್ಲವೋ ಎಂದು ಕೇಳದೆ, ಸರಕಾರ ಲೆಕ್ಕದಿಂದ ಬಿಟ್ಟುಬಿಡುತ್ತದೆ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನೂ ಕಳೆದುಕೊಳ್ಳಲು ಬಿಡುತ್ತದೆ. ಕೂಲಿಯವಳ ಮೈಕೈ ನೋವಿಗೆ ನೂರಕ್ಕೆ ಒಂದು ಭಾಗವನ್ನಾದರೂ ಯಾರು ಬಿಟ್ಟಿದ್ದಾರೆ?

ಈಗ ನಾವೇ ಇರುವ ಜಾಗಕ್ಕೆ ಬನ್ನಿರಿ. ಸಮಾಜ ಕಲ್ಯಾಣ ಇಲಾಖೆಯ ಎಷ್ಟು ಹಾಸ್ಟೆಲುಗಳು ಬಾಡಿಗೆ ಕಟ್ಟಡದಲ್ಲಿ ನಡೆಯುತ್ತಿವೆ ಎಂಬುದನ್ನು ರಾಜ್ಯದ ಯಾವ ಜಿಲ್ಲೆಯ ಹುಡುಗರನ್ನು ಕೇಳಿದರೂ ಹೇಳುತ್ತಾರೆ. ಲೋಕೋಪಯೋಗಿ ಇಲಾಖೆಯ ಎಂಜಿನಿಯರು ಅಳತೆ ಹಿಡಿದು ದರ ಗೊತ್ತು ಮಾಡುತ್ತಾನೆ, ಬಾಡಿಗೆ ತಿಂಗಳು ತಿಂಗಳು ಹೋಗುತ್ತದೆ. ನಲ್ಲಿಯಲ್ಲಿ ನೀರಿಲ್ಲದಿದ್ದರೂ ಹೋಗುತ್ತದೆ, ಒಂದು ಖೋಲಿಗೆ ಹನ್ನೆರಡು ಮಂದಿ ಮಲಗಿದರೂ ಹೋಗುತ್ತದೆ. ಹತ್ತು ಹದಿನೈದು ವರ್ಷದಲ್ಲಿ ಕಟ್ಟಡದ ಸಾಲ ತೀರುತ್ತದೆ. ಯಾರ ಹೆಸರಿನ ರೊಕ್ಕ ಅದು? ನಮ್ಮ ಹೆಸರಿನದು. ಕಟ್ಟಡ ಯಾರದು? "ಯಾರ ಪೈಕಿ" ಎಂದು ಕೇಳಿದವನದು. ತನ್ನ ಖೋಲಿಯನ್ನು ನಮಗೆ ಒಬ್ಬೊಬ್ಬರಾಗಿ ಕೊಡದವನು ಇಲಾಖೆಯ ಚೆಕ್ಕಿನ ಜತೆ ನೂರು ಮಂದಿಯಾಗಿ ಹೋದರೆ ಕೈಮುಗಿದು ಕೊಡುತ್ತಾನೆ. ರೊಕ್ಕಕ್ಕೆ ಮೈಲಿಗೆ ಇಲ್ಲ ಗೆಳೆಯರೇ, ಅದನ್ನು ಕೊಡುವ ಕೈಗೆ ಮಾತ್ರ.

ನಮ್ಮ ಕಡೆಯ ಕಾಗದ ಪತ್ರ ಹೇಗಿವೆ? ಕೇರಿಯ ಮನೆ ಅಜ್ಜನ ಹೆಸರಿನಲ್ಲಿದೆ. ನಾಲ್ಕು ಮಂದಿ ದೊಡ್ಡಪ್ಪ ಕಾಕಾಗಳು, ವಾಟ್ನಿ ಆಗಿಲ್ಲ. ಆಶ್ರಯ ಮನೆಯಾದರೆ ಹಕ್ಕುಪತ್ರ ಇದೆ, ಇ-ಸ್ವತ್ತು ಆಗಿಲ್ಲ. ಬ್ಯಾಂಕಿನವ ತಿರುವಿ ನೋಡಿ "ಇದು ಮಾರ್ಟಗೇಜಿಗೆ ಬರಂಗಿಲ್ಲ" ಎಂದು ವಾಪಸು ತಳ್ಳುತ್ತಾನೆ. 1974ರಲ್ಲಿ ಉಳುವವನೇ ಒಡೆಯ ಎಂದು ಕಾಯ್ದೆ ಬಂತು. ಗೇಣಿ ಹಾಕಿದವರಿಗೆ ಹೊಲ ಬಂತು. ನಮ್ಮವರು ಹೆಚ್ಚಿನವರು ಗೇಣಿದಾರರೂ ಆಗಿರಲಿಲ್ಲ, ಕೂಲಿಯವರು. ಕೂಲಿ ಮಾಡಿದವನೇ ಒಡೆಯ ಎಂಬ ಕಾಯ್ದೆ ಇನ್ನೂ ಬಂದಿಲ್ಲ. 1975ರಲ್ಲಿ ಪರಿಶಿಷ್ಟರ ಅಭಿವೃದ್ಧಿ ನಿಗಮ ಹುಟ್ಟಿತು, ಈಗ ಅದಕ್ಕೆ ಅಂಬೇಡ್ಕರರ ಹೆಸರು. ಭೂ ಒಡೆತನ ಯೋಜನೆಯಲ್ಲಿ ಹೊಲವಿಲ್ಲದ ನಮ್ಮ ಅವ್ವಂದಿರಿಗೆ ಅರ್ಧ ಸಹಾಯಧನ, ಅರ್ಧ ಸಾಲದಲ್ಲಿ ಹೊಲ ಕೊಡಿಸುವುದಿದೆ. ಒಳ್ಳೆಯದೇ. ಆದರೆ ಓದಿದ ಮಕ್ಕಳು ಹೊಲ ಬಿಟ್ಟು ಪ್ಯಾಟಿಗೆ ಬಂದು ನಿಂತಿದ್ದಾರೆ.

ಹೀಗಿರುವಾಗ ನಮ್ಮ ಅಣ್ಣಂದಿರ ಮಾತು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಈಗ ಬಾಬಾಸಾಹೇಬರ ಉಳಿದ ಕತೆ. ಬರೋಡಾದಿಂದ ಹೊರಬಿದ್ದ ಮನುಷ್ಯ ಮುಂಬಯಿಯ ಪರೇಲಿನಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟಿನ ಚಾಳಿನ ಎರಡು ಖೋಲಿಗಳಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದರು. 1930ರ ಸುಮಾರಿಗೆ ದಾದರಿನ ಹಿಂದೂ ಕಾಲನಿಯಲ್ಲಿ ಎರಡು ಪ್ಲಾಟು ಹಿಡಿದರು. ಇಂಪೀರಿಯಲ್ ಬ್ಯಾಂಕಿನಿಂದ ಸಾಲ ತೆಗೆದರು. ಒಂದರ ಮೇಲೆ ತಮಗೂ ತಮ್ಮ ಪುಸ್ತಕಗಳಿಗೂ ಮನೆ, ಅದೇ ರಾಜಗೃಹ. ಇನ್ನೊಂದರ ಮೇಲೆ ಬಾಡಿಗೆಗೆ ಕೊಡಲೆಂದೇ ಕಟ್ಟಡ, ಅದರ ಹೆಸರು ಚಾರ್ ಮಿನಾರ್. 1933ಕ್ಕೆ ಎರಡೂ ಎದ್ದು ನಿಂತವು. ಅಂದರೆ ಧರ್ಮಶಾಲೆಯಿಂದ ಬಡಿಗೆ ತೋರಿಸಿ ಹೊರಗೆ ಹಾಕಿಸಿಕೊಂಡವನು ಹದಿನಾರು ವರ್ಷಕ್ಕೆ, ಬ್ಯಾಂಕಿನ ಸಾಲದಿಂದ, ತಾನೇ ಬಾಡಿಗೆಗೆ ಕೊಡುವ ಮಾಲಕನಾದ. ಸಾವಕಾರಕಿ ಎಂದು ಎದ್ದು ಹೋದ ಗೆಳೆಯರು ಇದನ್ನು ಕೇಳಿಸಿಕೊಳ್ಳಬೇಕು. ಚಪ್ಪಾಳೆ ಹೊಡೆದವರು ಮುಂದಿನದನ್ನೂ ಕೇಳಬೇಕು: 1941ರ ಮೇ ತಿಂಗಳಲ್ಲಿ ಚಾರ್ ಮಿನಾರನ್ನು ಅವರು ಮಾರಿಬಿಟ್ಟರು, ಸಾಲ ತೀರಿಸಲಿಕ್ಕೆ ಮತ್ತು ಪುಸ್ತಕ ಕೊಳ್ಳಲಿಕ್ಕೆ. ರಾಜಗೃಹ ಉಳಿಯಿತು. ರೂಪಾಯಿಯ ಸಮಸ್ಯೆ ಎಂದು 1923ರಲ್ಲೇ ಗ್ರಂಥ ಬರೆದ ಅರ್ಥಶಾಸ್ತ್ರಜ್ಞನಿಗೂ ಸಾಲದ ಕಟ್ಟಡ ಕೊನೆತನಕ ಕೈಯಲ್ಲಿ ನಿಲ್ಲಲಿಲ್ಲ.

ಇನ್ನೊಂದು. ತಮ್ಮ ಹೆಸರಿನ ಕಟ್ಟಡ ಮಾರಿದ ಅವರು ಸಂಸ್ಥೆಯ ಕಟ್ಟಡ ಬಿಡಲಿಲ್ಲ. 1928ರಲ್ಲಿ ಶೋಷಿತ ವರ್ಗಗಳ ಶಿಕ್ಷಣ ಸಂಸ್ಥೆ ಮಾಡಿ ಹಾಸ್ಟೆಲುಗಳನ್ನು ತೆರೆದರು. ಅವುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ. ಮುಂಬಯಿಯ ಕೋಟೆ ಭಾಗದಲ್ಲಿ ಬುದ್ಧ ಭವನ, ಆನಂದ ಭವನ ಎಂಬ ಹೆಸರು ಹೊತ್ತು ನಿಂತ ಸಿದ್ಧಾರ್ಥ ಕಾಲೇಜಿನ ಕಟ್ಟಡಗಳು ಸಂಸ್ಥೆಯವು, ಒಬ್ಬನ ಹೆಸರಿನವಲ್ಲ.

ಈಗ ಲೆಕ್ಕ. ಅಂಕಿಗಳು ನಾವು ತಿಳಿಯಲೆಂದು ಹಿಡಿದವು, ಚಾಳಿನ ಮಾಲಕ ಹೇಳಿದವಲ್ಲ. ಎಂಟು ಖೋಲಿಯ ಚಾಳು, ಬೆಲೆ 30 ಲಕ್ಷ ಎಂದು ಹಿಡಿಯೋಣ. ಖರೀದಿ ಪತ್ರಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1 ಇದ್ದದ್ದು 2 ಆಗಿದೆ. ಸೆಸ್ಸು ಬಿಟ್ಟೂ 2 ಲಕ್ಷ 10 ಸಾವಿರ ಅಲ್ಲೇ ಹೋಯಿತು. ಅಣ್ಣಂದಿರು ಹೇಳುವುದು 20 ಲಕ್ಷ ಸಾಲ. ಬಾಡಿಗೆಗೆಂದೇ ಕೊಳ್ಳುವ ಚಾಳಿಗೆ ಗೃಹಸಾಲದ ಅಗ್ಗದ ಬಡ್ಡಿ ಸಿಗುವುದು ಕಷ್ಟ, ಆದ್ದರಿಂದ ನೂರಕ್ಕೆ 10, ಹದಿನೈದು ವರ್ಷ ಎಂದು ಹಿಡಿದೆವು. ತಿಂಗಳ ಕಂತು ಸುಮಾರು 21,500. ವರ್ಷಕ್ಕೆ 2 ಲಕ್ಷ 58 ಸಾವಿರ. ಹದಿನೈದು ವರ್ಷಕ್ಕೆ ಕಟ್ಟುವುದು 38 ಲಕ್ಷ 70 ಸಾವಿರದ ಹತ್ತಿರ.

ಬಾಡಿಗೆ ಎಷ್ಟು ಬರುತ್ತದೆ? ಖೋಲಿಗೆ 2,500. ವಿದ್ಯಾರ್ಥಿಗಳು ಏಪ್ರಿಲ್ ಮೇದಾಗ ಊರಿಗೆ ಹೋಗುತ್ತಾರೆ, ಹತ್ತೇ ತಿಂಗಳು. ಎಂಟು ಖೋಲಿಗೆ ವರ್ಷಕ್ಕೆ 2 ಲಕ್ಷ. ನಗರಸಭೆಯ ಕರ, ನೀರು, ಹೆಂಚು, ಸಂಡಾಸು ರಿಪೇರಿ ಎಂದು 30 ಸಾವಿರ ತೆಗೆಯಿರಿ. ಉಳಿಯುವುದು 1 ಲಕ್ಷ 70 ಸಾವಿರ. ಕಂತಿಗೆ 88 ಸಾವಿರ ಕಡಿಮೆ. ಈ 88 ಸಾವಿರ ಎಲ್ಲಿಂದ ತರುವುದು? ಎರಡೇ ದಾರಿ. ನೌಕರಿಯವರು ತಿಂಗಳು ತಿಂಗಳು ಕೈಯಿಂದ ಹಾಕಬೇಕು, ಇಲ್ಲವೇ ಬಾಡಿಗೆ ಏರಿಸಬೇಕು. ಬಾಡಿಗೆಯಿಂದಲೇ ತೀರಬೇಕೆಂದರೆ ಖೋಲಿಗೆ 3,600 ಆಗುತ್ತದೆ. ಗುಣಿಸಿ ನೋಡಿರಿ. ಮುಂಡರಗಿ ತಾಲೂಕಿನ ಕೂಲಿಯವಳ ಮಗ 3,600 ಕೊಡಬಲ್ಲನೇ? ಅವನು ಕೊಡದಿದ್ದರೆ ಕೊಡುವವನನ್ನು ಹುಡುಕುತ್ತೇವೆ. ಬ್ಯಾಂಕಿನ ನೋಟೀಸು ಬಂದ ದಿನ ನಮ್ಮ ಅಣ್ಣನೇ ಬಾಗಿಲಲ್ಲಿ ನಿಂತು "ಖೋಲಿ ನಿನ್ನೆ ಕೊಟ್ಟೇವಪಾ" ಎನ್ನುತ್ತಾನೆ. ಅವನು ಕೆಟ್ಟವನಲ್ಲ. ಸಾಲ ಅವನ ಬಾಯಿಯಿಂದ ಆ ಮಾತು ಆಡಿಸುತ್ತದೆ.

ಹಾಗಾದರೆ 2,500 ಬಾಡಿಗೆ ಎಷ್ಟು ಸಾಲ ಹೊರುತ್ತದೆ? 13 ಲಕ್ಷ, ಅದಕ್ಕಿಂತ ಒಂದು ಹೊರೆ ಹೆಚ್ಚಿಲ್ಲ. ಉಳಿದ 17 ಲಕ್ಷ ಮತ್ತು ನೋಂದಣಿಯ 2 ಲಕ್ಷ, ಒಟ್ಟು 19 ಲಕ್ಷ ನಮ್ಮ ಗಂಟಿನಿಂದ ಬರಬೇಕು. ನೌಕರಿಯ ನಲವತ್ತು ಮಂದಿ ಕೂಡಿದರೆ ಒಬ್ಬೊಬ್ಬರಿಗೆ 47,500. ತಿಂಗಳಿಗೆ 1,320ರಂತೆ ಮೂರು ವರ್ಷ. ನಮ್ಮ ಅಭಿಪ್ರಾಯ ಇಲ್ಲಿದೆ: ಮೂರು ವರ್ಷ ಕಾಯಬೇಕು, ಮೊದಲು ಕೂಡಿಡಬೇಕು, ಆಮೇಲೆ 13 ಲಕ್ಷದೊಳಗೆ ಸಾಲ. ಅಷ್ಟರಲ್ಲಿ ಬೆಲೆ ಏರುತ್ತದೆ ಎನ್ನುತ್ತಾರೆ ಅವಸರದವರು. ಏರಬಹುದು. ಈ ಚಾಳು ಕೈತಪ್ಪಲೂಬಹುದು. ಗದಗ ಬೆಟಗೇರಿಯಲ್ಲಿ ಹಳೆಯ ಚಾಳುಗಳಿಗೆ ಬರಗಾಲ ಬಂದಿಲ್ಲ. ನಾಲ್ಕೂರಲ್ಲಿ ಒಂದೇ ಸಲ ಕೊಳ್ಳುವ ಮಾತಂತೂ ಬೇಡವೇ ಬೇಡ. ಒಂದರ ಉತಾರದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಎಂಬುದು ಸಾವಕಾರರಿಗೆ ಒಗ್ಗಿದ ಆಟ. ಅವರಿಗೆ ಒಂದು ಖೋಲಿ ಖಾಲಿ ಬಿದ್ದರೆ ಹೊಲದ ಜೋಳ ಇದೆ, ಅಂಗಡಿಯ ಗಲ್ಲೆ ಇದೆ. ನಮಗೆ ಒಂದು ಕಂತು ತಪ್ಪಿದರೆ ನಾಲ್ಕೂ ಹೋಗುತ್ತವೆ.

ಹೆಸರು ಯಾರದು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. "ಸದ್ಯಕ್ಕ ಒಬ್ಬರ ಹೆಸರಿಗೆ ಮಾಡೋಣು, ಆಮೇಲೆ ನೋಡೋಣು" ಎಂಬ ಮಾತು ಬಂದಿದೆ. ಆಮೇಲೆ ಎಂಬುದು ಬರುವುದಿಲ್ಲ. ಆ ಒಬ್ಬರು ತೀರಿಕೊಂಡ ಮರುದಿನ ಚಾಳು ಅವರ ಮಕ್ಕಳದು, ಕಾಯ್ದೆಯಂತೆ ಅದೇ ಸರಿ. ಸಹಕಾರಿ ಸಂಘವೋ ನೋಂದಾಯಿತ ಟ್ರಸ್ಟೋ ಆಗಿ, ಅದರ ಹೆಸರಿನಲ್ಲೇ ಖರೀದಿ ಆಗಬೇಕು. ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ. 1904ರಲ್ಲಿ ಸಹಕಾರಿ ಕಾಯ್ದೆ ಬಂದರೆ 1905ರಲ್ಲೇ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಗ್ರಾಮೀಣ ಪತ್ತಿನ ಸಂಘ ಕಟ್ಟಿದರು. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಈ ಉತ್ತರ ಬರೆದು ಒಂದು ಅಂಕ ಗಿಟ್ಟಿಸಿದ್ದೇವೆ, ಅಷ್ಟಕ್ಕೇ ಬಿಟ್ಟಿದ್ದೇವೆ. ಅದಕ್ಕೂ ಹಿಂದೆ ಹೋಗುವುದಾದರೆ ಡಂಬಳ ಇದೆ. 1095ರ ಶಾಸನದಲ್ಲಿ ಅಲ್ಲಿಯ ವ್ಯಾಪಾರಿಗಳು ಬುದ್ಧ ವಿಹಾರ ಕಟ್ಟಿಸಿದ್ದು, ಲೊಕ್ಕಿಗುಂಡಿಯ ಸೆಟ್ಟಿಯೊಬ್ಬ ತಾರಾದೇವಿಯ ವಿಹಾರ ಮಾಡಿಸಿದ್ದು, ಅವುಗಳ ಖರ್ಚಿಗೆ ದಾನ ಬಿಟ್ಟದ್ದು ಇದೆ. ಒಂಬೈನೂರು ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ವಾಸದ ಕಟ್ಟಡವನ್ನೂ ಅದರ ನಿತ್ಯದ ಖರ್ಚನ್ನೂ ಒಟ್ಟಿಗೇ ಲೆಕ್ಕ ಹಾಕಿದ ಮಂದಿ ಇದ್ದರು. ನಮ್ಮ ಅಣ್ಣಂದಿರ ಲೆಕ್ಕದಲ್ಲಿ ಕಟ್ಟಡ ಇದೆ, ಸಂಡಾಸಿನ ರಿಪೇರಿ ಇರಲಿಲ್ಲ.

ಮತ್ತೊಂದು ಮಾತು, ಸಿಟ್ಟು ಬಂದರೂ ಬರಲಿ. ನಮ್ಮ ಚಾಳಿನಾಗ ಚಲವಾದಿ ಹುಡುಗನ ಪಕ್ಕದ ಖೋಲಿ ಮಾದರ ಹುಡುಗನಿಗೆ ಸಿಗುತ್ತದೆಯೋ? ಸಮಗಾರ, ಡೋಹರ ಹುಡುಗರಿಗೆ? ಹೆಣ್ಣುಮಕ್ಕಳಿಗೆ ಎಷ್ಟು ಖೋಲಿ? ಮುಸಲ್ಮಾನ ಗೆಳೆಯ ಬಂದರೆ? "ಯಾರ ಪೈಕಿ" ಎಂಬ ಪ್ರಶ್ನೆ ನಮ್ಮ ಬಾಗಿಲಲ್ಲೂ ಹುಟ್ಟುವುದಾದರೆ ಆ 13 ಲಕ್ಷದ ಸಾಲ ಯಾಕೆ ಬೇಕು? ಖೋಲಿ ಹಂಚುವ ನಿಯಮ ಖರೀದಿ ಪತ್ರಕ್ಕೂ ಮೊದಲೇ ಬರಹದಲ್ಲಿ ಆಗಬೇಕು, ಹಂಚುವವರಲ್ಲಿ ಬಾಡಿಗೆಗೆ ಇರುವ ವಿದ್ಯಾರ್ಥಿಗಳೂ ಇರಬೇಕು. ಸಭೆಯಲ್ಲಿ ಇದನ್ನು ಎತ್ತಿದಾಗ ಒಬ್ಬ ಅಣ್ಣ "ಅದೆಲ್ಲ ಆಮೇಲೆ" ಎಂದರು. ಮತ್ತೆ ಅದೇ ಆಮೇಲೆ.

ಎಂಟು ಖೋಲಿ ಕೊಂಡೆವೆಂದು ಸರಕಾರ ಪಾರಾಗಬಾರದು. ಎಂಟು ಖೋಲಿಯಲ್ಲಿ ಹೆಚ್ಚೆಂದರೆ ಇಪ್ಪತ್ನಾಲ್ಕು ಮಂದಿ. ಉಳಿದವರದು ಇಲಾಖೆಯ ಹೊಣೆ. 2013ರ ಉಪಯೋಜನೆ ಕಾಯ್ದೆ ನಮ್ಮ ಜನಸಂಖ್ಯೆಗೆ ತಕ್ಕ ಪಾಲು ಕೊಡಬೇಕೆನ್ನುತ್ತದೆ. ಆ ರೊಕ್ಕವನ್ನು ರಸ್ತೆಗೂ ಸೇತುವೆಗೂ ಹಾಕಿ ನಿಮಗೇ ಖರ್ಚಾಯಿತು ಎಂದು ತೋರಿಸಲು ಬಿಡುತ್ತಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆಸಲಾಯಿತು. ಹಾಗಿದ್ದ ಮೇಲೆ ಹಾಸ್ಟೆಲಿಗೆ ಸ್ವಂತ ಕಟ್ಟಡ ಯಾಕಿಲ್ಲ? ಜಾಗ ಇಲ್ಲವಂತೆ. ಗದಗಿನ ವಕಾರ ಸಾಲು ಯಾರ ಜಾಗ? ನಗರಸಭೆಯದು. ಲೀಜಿನ ಮೇಲೆ ದಶಕಗಟ್ಟಲೆ ವ್ಯಾಪಾರಸ್ಥರ ಕೈಯಲ್ಲಿತ್ತು, ಅದರ ಜಗಳ ಕಚೇರಿ ಕೋರ್ಟು ಸುತ್ತಿದ್ದು ಊರಿಗೆಲ್ಲ ಗೊತ್ತು. ಹತ್ತಿಗೂ ಕಾಳಿಗೂ ಜಾಗ ಸಿಕ್ಕ ಊರಿನಲ್ಲಿ ಓದುವ ಹುಡುಗಿಯರಿಗೆ ಸಿಗುವುದಿಲ್ಲ ಎಂದರೆ ನಂಬಬೇಕೇ? ಗೃಹ ನಿರ್ಮಾಣವಾಗಲಿ ಕೃಷಿಯಾಗಲಿ, ಒಬ್ಬ ಮಾಲಕ ಒಬ್ಬ ಬಾಡಿಗೆದಾರ ಎಂಬ ಸಂಬಂಧವೇ ನಮ್ಮ ಗುರಿಯಲ್ಲ. 1947ರಲ್ಲಿ ಬಾಬಾಸಾಹೇಬರು ಸಂವಿಧಾನ ಸಭೆಗೆಂದು ಬರೆದ ಮನವಿಯಲ್ಲಿ ಹೊಲ ಸರಕಾರದ್ದಾಗಿ, ಜಮೀನುದಾರನೂ ಗೇಣಿದಾರನೂ ಭೂಹೀನನೂ ಇಲ್ಲದ ವ್ಯವಸ್ಥೆ ಕೇಳಿದ್ದರು. ಚಾಳು ಕೊಳ್ಳುವ ಕೈಯೇ ಆ ಮನವಿಯನ್ನೂ ಹಿಡಿದಿರಬೇಕು. ಎರಡನ್ನೂ ಹಿಡಿಯುವುದು ಕಷ್ಟ, ಗೊತ್ತು.

ಅಣ್ಣಂದಿರಿಗೆ ನಾವು ಹೇಳಿ ಕಳಿಸಿದ್ದೇವೆ: ಆ ಚಾಳಿನ ಸಿಟಿ ಸರ್ವೆ ಉತಾರ, ಮೂವತ್ತು ವರ್ಷದ ಋಣಭಾರ ಪತ್ರ, ನಗರಸಭೆಯ ಕರದ ಪಾವತಿ ಮುಂದಿನ ಸಭೆಗೆ ಬರಬೇಕು. ಅಲ್ಲಿ ಈಗ ಬಾಡಿಗೆಗೆ ಇರುವ ಸಂಸಾರಗಳು ಯಾರು, ಅವರನ್ನು ಏನು ಮಾಡುತ್ತೀರಿ ಎಂಬುದನ್ನೂ ಬರೆದು ತರಬೇಕು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಾಸ್ಟೆಲಿನ ಗೆಳೆಯರು ತಂತಮ್ಮ ಊರಲ್ಲಿ ಖೋಲಿ ಬಾಡಿಗೆ ಎಷ್ಟು, ಡಿಪಾಜಿಟ್ಟು ಎಷ್ಟು, ಯಾವ ಓಣಿಯಲ್ಲಿ ಏನೆಂದು ಹೇಳಿ ಕಳಿಸಿದರು ಎಂಬುದನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಂಡು ಬರ್ರಿ. ಹಾಸ್ಟೆಲು ಬಾಡಿಗೆ ಕಟ್ಟಡದಲ್ಲಿದ್ದರೆ ತಿಂಗಳ ಬಾಡಿಗೆ ಎಷ್ಟು, ಎಷ್ಟು ವರ್ಷದಿಂದ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿರಿ, ಹತ್ತು ರೂಪಾಯಿ ಖರ್ಚು. ಈ ಕಾಗದಗಳೆಲ್ಲ ಚಾಪೆಯ ಮೇಲೆ ಬಂದು ಬೀಳುವ ತನಕ ಯಾರೂ ಚಾಳಿನವನಿಗೆ ಮುಂಗಡ ಕೊಡಕೂಡದು.